ಬಾಗಿಲಲ್ಲಿ ಬ್ಯಾಂಕ್ ಪಾಸ್‌ಬುಕ್

ಬೆರಳಿಗೆ ಶಾಯಿ ಹತ್ತಿದ ಮೇಲೆ ಅಮೆರಿಕದವರಿಗೂ ಅವಮಾನದ ರುಚಿ ಗೊತ್ತಾಯಿತು. 2004ರ ಜನವರಿಯ ಮಾತು. ಭಯೋತ್ಪಾದನೆಯ ಹೆಸರು ಹೇಳಿ ಅಮೆರಿಕ, ತನ್ನ ನೆಲಕ್ಕೆ ವೀಸಾ ಪಡೆದು ಬರುವವರ ಬೆರಳಚ್ಚು, ಫೋಟೊ ತೆಗೆಯುವ ಏರ್ಪಾಟು ಮಾಡಿತು. ಪಶ್ಚಿಮ ಯುರೋಪಿನ ಬಹುಪಾಲು ಜನರಿಗೆ ಆಗ ವಿನಾಯಿತಿ. ಬ್ರೆಜಿಲ್‌ನವರಿಗೆ ಇಲ್ಲ, ನಮಗಂತೂ ಇಲ್ಲವೇ ಇಲ್ಲ. ಅಮೆರಿಕದ ಯಂತ್ರಗಳು ಚಾಲೂ ಆಗುವುದಕ್ಕೂ ಮೊದಲೇ ಬ್ರೆಜಿಲ್‌ನ ಒಳನಾಡಿನ ಮಾತೊ ಗ್ರೊಸೊ ರಾಜ್ಯದ ಫೆಡರಲ್ ನ್ಯಾಯಾಧೀಶ ಜೂಲಿಯರ್ ಸೆಬಾಸ್ಟಿಯಾವ್ ಡ ಸಿಲ್ವ ಒಂದು ಆದೇಶ ಹೊರಡಿಸಿದರು: ಹಾಗಾದರೆ ಇಲ್ಲಿಗೆ ಬರುವ ಅಮೆರಿಕದವರ ಬೆರಳಚ್ಚನ್ನೂ ತೆಗೆಯಿರಿ. ಜನವರಿ ಒಂದರಿಂದಲೇ ಜಾರಿ.

ರಿಯೊ ವಿಮಾನ ನಿಲ್ದಾಣದಲ್ಲಿ ಯಂತ್ರ ಎಲ್ಲಿಂದ ಬರಬೇಕು? ಶಾಯಿ, ಕಾಗದ, ಪೊಲೀಸರು, ಅಷ್ಟೇ. ಸಮುದ್ರದ ದಡದಲ್ಲಿ ಮೈಚಾಚಲು ಬಂದವರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಹತ್ತು ಬೆರಳನ್ನೂ ಒತ್ತಿ, ಕೈ ಒರೆಸಿಕೊಳ್ಳುತ್ತಾ ಹೊರಬಂದರು. ಹೋಟೆಲಿನವರ ಎದೆ ಒಡೆಯಿತು. ರಿಯೊದ ನಗರಾಡಳಿತ ಬಂದವರಿಗೆ ಹೂವು, ಟೀ-ಶರ್ಟ್ ಹಂಚಿ ಸಮಾಧಾನ ಮಾಡಿತು. ಅಮೆರಿಕದ ಪೈಲಟ್ ಒಬ್ಬ ಸಾವೊ ಪೌಲೊದಲ್ಲಿ ಫೋಟೊ ತೆಗೆಯುವಾಗ ನಡುಬೆರಳು ಎತ್ತಿ ತೋರಿಸಿದ. ಪೊಲೀಸರು ಅಲ್ಲೇ ಹಿಡಿದು ಕೂರಿಸಿದರು. ಸುಮಾರು 13,000 ಡಾಲರ್ ದಂಡ ತೆತ್ತು ದೇಶ ಬಿಟ್ಟ.

ಈ ಸುದ್ದಿಯನ್ನು ಇವತ್ತು ಓದಿದರೂ ನನಗೆ ಖುಷಿಯಾಗುತ್ತದೆ. ಸಣ್ಣತನ ಎನ್ನುವವರು ಎನ್ನಲಿ. ಚೆನ್ನೈನ ಬಿಸಿಲಲ್ಲಿ ಅಮೆರಿಕದ ಕಾನ್ಸುಲೇಟ್ ಮುಂದೆ ಫೈಲು ಎದೆಗವಚಿಕೊಂಡು ನಿಂತ ಕರ್ನಾಟಕದ ಯಾವ ತಂದೆತಾಯಿಯನ್ನಾದರೂ ಕೇಳಿ, ಮಗಳ ಬಾಣಂತನಕ್ಕೆ ಹೋಗಲು ಒಂದು ಕಿಟಕಿಯ ಹಿಂದಿನ ಹುಡುಗನ ಮುಂದೆ ತಾವು ಕಳ್ಳರಲ್ಲ ಎಂದು ರುಜುವಾತು ಮಾಡುವ ಕಷ್ಟ ಎಂಥದ್ದು ಅಂತ. ಆ ಕಿಟಕಿಗೆ ಯಾರೋ ಒಬ್ಬ ಜಡ್ಜ್, ಜಗತ್ತಿನ ಒಂದು ಮೂಲೆಯಲ್ಲಿ ಕೂತು, ಕನ್ನಡಿ ಹಿಡಿದನಲ್ಲ!

ಅಲ್ಲಿಗೇ ಮುಗಿದಿದ್ದರೆ ಇದು ಅಭಿನಂದನೆಯ ಲೇಖನವಾಗುತ್ತಿತ್ತು. ಮುಗಿಯಲಿಲ್ಲ. ದೊರೆಯ ಮುಂದೆ ಎದೆ ಸೆಟೆಸಿದ ಎಸ್ಟೇಟ್ ಮೇಸ್ತ್ರಿ ಲೈನಿಗೆ ಬಂದು ಆಳುಗಳ ಮೇಲೆ ದೊರೆಯದೇ ದನಿಯಲ್ಲಿ ಕೂಗಾಡುವುದನ್ನು ಮಲೆನಾಡಿನವರು ನೋಡಿರುತ್ತಾರೆ. ವಾಷಿಂಗ್ಟನ್ ಮುಂದೆ ತಲೆ ಎತ್ತಿದ ಬ್ರೆಜಿಲ್ ನಮ್ಮಂಥವರ ಮುಂದೆ ಅದೇ ಆಗಿಬಿಟ್ಟಿದೆ.

ಬ್ರೆಜಿಲ್‌ನ ವಿದೇಶಾಂಗ ಇಲಾಖೆಗೆ ಒಂದು ಹಳೆಯ ಹಟವಿದೆ, ಮುಯ್ಯಿಗೆ ಮುಯ್ಯಿ. ನೀನು ನನ್ನ ಜನರಿಗೆ ವೀಸಾ ಕೇಳಿದರೆ ನಾನು ನಿನ್ನ ಜನರಿಗೆ ಕೇಳುತ್ತೇನೆ. 2019ರ ಮಾರ್ಚ್‌ನಲ್ಲಿ ಅಧ್ಯಕ್ಷ ಜೈರ್ ಬೊಲ್ಸೊನಾರೊ ಆ ಹಟವನ್ನು ವಾಷಿಂಗ್ಟನ್‌ಗೆ ಒಯ್ದು ಟ್ರಂಪ್ ಪಾದದ ಬಳಿ ಕಾಣಿಕೆಯಾಗಿ ಇಟ್ಟರು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಜಪಾನಿನ ಪ್ರವಾಸಿಗರಿಗೆ ಜೂನ್ 17ರಿಂದ ವೀಸಾ ಬೇಡ. ಬದಲಿಗೆ ಬ್ರೆಜಿಲ್‌ನವರಿಗೆ ಸಿಕ್ಕಿದ್ದು? ಸೊನ್ನೆ. 2023ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಲುಲಾ ಆ ಆದೇಶವನ್ನು ರದ್ದು ಮಾಡಿದರು. ಜಪಾನ್ ಮಾತ್ರ ನಮಗೂ ಬೇಡ ನಿಮಗೂ ಬೇಡ ಎಂದು ರಾಜಿಗೆ ಬಂದು ಪಾರಾಯಿತು. ಉಳಿದ ಮೂವರ ಮೇಲೆ ವೀಸಾ ಹೇರುವ ದಿನ ಮುಂದೆ ಹೋಗಿ, ಮತ್ತೆ ಮುಂದೆ ಹೋಗಿ, ಕೊನೆಗೆ 2025ರ ಏಪ್ರಿಲ್ 10ಕ್ಕೆ ಬಂತು. ಸೆನೆಟ್ ಅಡ್ಡಗಾಲು ಹಾಕಿತು, ಪ್ರವಾಸೋದ್ಯಮದವರು ಗೋಳಾಡಿದರು. ಆದರೂ ಜಾರಿಯಾಯಿತು. 80.90 ಡಾಲರ್ ಶುಲ್ಕ. ಅಮೆರಿಕದವರು ಪಾಸ್‌ಪೋರ್ಟನ್ನು ಯಾರ ಕೈಗೂ ಒಪ್ಪಿಸಬೇಕಿಲ್ಲ, ಮನೆಯಲ್ಲೇ ಕೂತು ಇ-ವೀಸಾ ಪಡೆಯಬಹುದು.

ನೋಡಿ, ದಂಡಿಸುವಾಗಲೂ ಸೋಫಾದ ಮೇಲೆ ಕೂರಿಸಿ ದಂಡಿಸುತ್ತಾರೆ.

ನಮಗೆ? ಅದೇ 2019ರ ಅಕ್ಟೋಬರ್‌ನಲ್ಲಿ ಚೀನಾ ಪ್ರವಾಸದಲ್ಲಿದ್ದ ಬೊಲ್ಸೊನಾರೊ, ಭಾರತ ಮತ್ತು ಚೀನಾದವರಿಗೂ ವೀಸಾ ತೆಗೆದುಹಾಕುತ್ತೇವೆ ಎಂದು ಹೇಳಿದರು. ಮೂರು ತಿಂಗಳಿಗೆ ನಮ್ಮ ಗಣರಾಜ್ಯೋತ್ಸವದ ಮುಖ್ಯ ಅತಿಥಿಯಾಗಿ ಬಂದು ರಾಜಪಥದಲ್ಲಿ ಪೆರೇಡ್ ನೋಡಿದರು. ತಬ್ಬುಗೆ, ಊಟ, ಒಪ್ಪಂದ, ಫೋಟೊ. ಎಲ್ಲ ಮುಗಿಸಿ ಹೊರಟುಹೋದರು. ಮಾತು ಮಾತಾಗಿಯೇ ಉಳಿಯಿತು. ಅಮೆರಿಕದವರಿಗೆ ಒಂದು ಸಹಿಯಲ್ಲಿ ಆದ ಕೆಲಸ ನಮಗೆ ಬಾಯಿಮಾತಿಗಿಂತ ಮುಂದೆ ಹೋಗಲಿಲ್ಲ. ಲುಲಾ ಎಡಪಂಥದವರು, ಲೋಹದ ಕಾರ್ಖಾನೆಯ ಕಾರ್ಮಿಕರಾಗಿದ್ದವರು, ಬಡವರ ನಾಯಕ. ಅವರ ಕಾಲದಲ್ಲೂ ಪ್ರವಾಸಕ್ಕೆ ಹೊರಟ ಭಾರತೀಯನ ಕಡತ ತೆಳುವಾಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಉಪಾಧ್ಯಕ್ಷ ಜೆರಾಲ್ಡೊ ಆಲ್ಕ್‌ಮಿನ್ ದೆಹಲಿಗೆ ಬಂದು ಭಾರತೀಯರಿಗೆ ಇ-ವೀಸಾ ಪ್ರಕಟಿಸಿದರು. ಯಾರಿಗೆ? ವ್ಯಾಪಾರಕ್ಕೆ ಹೋಗುವವರಿಗೆ. ಬಲಪಂಥವಿರಲಿ ಎಡಪಂಥವಿರಲಿ, ಥೈಲಿ ಹಿಡಿದು ಬಂದವನಿಗೆ ಮೊದಲು ಗೇಟು ತೆರೆಯುತ್ತದೆ.

ಪ್ರವಾಸಿಯ ಕಡತದಲ್ಲಿ ಏನೇನಿರಬೇಕು? ಬ್ಯಾಂಕ್ ಸ್ಟೇಟ್‌ಮೆಂಟ್. ಆದಾಯ ತೆರಿಗೆ ರಿಟರ್ನ್. ಸಂಬಳದ ಚೀಟಿ. ಕೆಲಸ ಕೊಟ್ಟವರ ಒಪ್ಪಿಗೆ ಪತ್ರ, ರಜೆಯ ಪತ್ರ. ಹೋಗಿಬರುವ ಟಿಕೆಟ್ ಬುಕಿಂಗ್. ತಂಗುವ ಜಾಗದ ವಿವರ. ಯಾಕೆ ಬರುತ್ತಿದ್ದೇನೆ ಎಂದು ವಿನಂತಿಸುವ ಒಂದು ಓಲೆ. ಇದನ್ನೆಲ್ಲ ಜೋಡಿಸಿ, ಗುತ್ತಿಗೆ ಹಿಡಿದ ಕಂಪನಿಯ ಕೌಂಟರಿನಲ್ಲಿ ಕೊಟ್ಟು, ಅದರ ಸೇವಾ ಶುಲ್ಕ ಬೇರೆ ಕಟ್ಟಿ, ಪಾಸ್‌ಪೋರ್ಟನ್ನು ಒತ್ತೆ ಇಟ್ಟಂತೆ ಒಪ್ಪಿಸಿ ಬರಬೇಕು. ಸಿಕ್ಕರೆ 90 ದಿನ. ಅಲ್ಲೇ ಅರ್ಜಿ ಹಾಕಿದರೆ ಇನ್ನಷ್ಟು ವಿಸ್ತರಣೆ, ವರ್ಷಕ್ಕೆ ಒಟ್ಟು 180 ದಿನ ಮೀರುವಂತಿಲ್ಲ. ಸಿಗದಿದ್ದರೆ ಕಟ್ಟಿದ ಶುಲ್ಕ ಹೋಯಿತು ಅನ್ನಿ.

ಈ ಪಟ್ಟಿಯಲ್ಲಿ ನೀನು ಯಾರು ಎಂಬ ಪ್ರಶ್ನೆಯೇ ಇಲ್ಲ. ಇರುವುದು ನಿನ್ನ ಹತ್ತಿರ ಎಷ್ಟಿದೆ ಎಂಬ ಪ್ರಶ್ನೆ. ಅಮೆಜಾನ್ ಕಾಡಿನ ಬಗ್ಗೆ ಹತ್ತು ಪುಸ್ತಕ ಓದಿದ ಹಳ್ಳಿಯ ಮೇಷ್ಟ್ರು, ಪೆಲೆಯ ಹೆಸರನ್ನು ಮೊಮ್ಮಗನಿಗೆ ಇಟ್ಟ ಫುಟ್‌ಬಾಲ್ ಹುಚ್ಚಿನ ಆಟೊ ಚಾಲಕ, ಇಪ್ಪತ್ತು ವರ್ಷ ಪೌರಕಾರ್ಮಿಕಳಾಗಿದ್ದು ಚೀಟಿ ಎತ್ತಿ ಒಮ್ಮೆ ಸಮುದ್ರ ದಾಟಿ ನೋಡಬೇಕೆಂದ ಹೆಂಗಸು, ಇವರು ಯಾರೂ ಆ ಕಡತದ ಲೆಕ್ಕದಲ್ಲಿ ಪ್ರವಾಸಿಗರಲ್ಲ. ಸಂಬಳದ ಚೀಟಿ ಇಲ್ಲದವರು ದೇಶ ಸುತ್ತುವುದಿಲ್ಲ ಎಂದುಕೊಂಡವರು ನಮ್ಮ ಹಕ್ಕಿಪಿಕ್ಕಿ ಜನರನ್ನು ನೋಡಿಲ್ಲ. ಗಿಡಮೂಲಿಕೆಯ ಎಣ್ಣೆ ಹೊತ್ತು ಆಫ್ರಿಕಾದ ದೇಶದೇಶ ಅಲೆದವರು ಅವರು. 2023ರಲ್ಲಿ ಸುಡಾನಿನಲ್ಲಿ ಗುಂಡಿನ ಮಳೆಯ ನಡುವೆ ಸಿಕ್ಕಿಬಿದ್ದಾಗಲಷ್ಟೇ ಪೇಟೆಯ ಕನ್ನಡಿಗರಿಗೆ ಅವರ ಪಾಸ್‌ಪೋರ್ಟು ಕಾಣಿಸಿತು.

ಇಡೀ ವ್ಯವಹಾರದಲ್ಲಿ ಅರ್ಥವಿರುವ ಕಾಗದ ಒಂದೇ, ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಅದನ್ನು ಪಟ್ಟು ಹಿಡಿದು ಕೇಳುವುದು ಬ್ರೆಜಿಲ್ ಅಲ್ಲ, ವಾಪಸ್ ಬರುವಾಗ ನಮ್ಮದೇ ಸರ್ಕಾರ. ಆ ಜ್ವರ ಹರಡುವ ಸೊಳ್ಳೆ ನಮ್ಮಲ್ಲೂ ಇದೆ, ಜ್ವರ ಮಾತ್ರ ಇನ್ನೂ ಬಂದಿಲ್ಲ. ಹಾಗಾಗಿ ಹೊರಡುವ ಕನಿಷ್ಠ 10 ದಿನ ಮೊದಲು ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಚುಚ್ಚಿಸಿಕೊಳ್ಳಬೇಕು. ಇಲ್ಲದಿದ್ದರೆ ಮರಳಿದಾಗ 6 ದಿನದವರೆಗೆ ಪ್ರತ್ಯೇಕವಾಗಿ ಕೂಡಿಹಾಕುತ್ತಾರೆ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಇದರ ಮೇಲೆ ನನಗೆ ತಕರಾರಿಲ್ಲ. ಸೊಳ್ಳೆ ಯಾರ ಬ್ಯಾಂಕ್ ಬ್ಯಾಲೆನ್ಸನ್ನೂ ನೋಡುವುದಿಲ್ಲ.

ತಕರಾರಿರುವುದು ಉಳಿದ ಕಡತದ ವಂಶಾವಳಿಯ ಮೇಲೆ. ಅದನ್ನು ಸ್ವಲ್ಪ ಕೆದಕೋಣ.

ಆಫ್ರಿಕಾದಿಂದ ಸರಪಳಿ ಹಾಕಿ ಬ್ರೆಜಿಲ್‌ಗೆ ತಂದಿಳಿಸಿದ ಜನ 48 ಲಕ್ಷಕ್ಕೂ ಹೆಚ್ಚು ಎಂದು ಇತಿಹಾಸಕಾರರ ಅಂದಾಜು. ಜಗತ್ತಿನ ಬೇರೆ ಯಾವ ದೇಶಕ್ಕೂ ಅಷ್ಟು ಗುಲಾಮರು ಹೋಗಿಲ್ಲ. ರಿಯೊದ ವಲೊಂಗೊ ಕಟ್ಟೆಯೊಂದರಲ್ಲೇ ಸುಮಾರು 9 ಲಕ್ಷ ಜನ ಇಳಿದರು ಎಂದು ಯುನೆಸ್ಕೊ ಹೇಳುತ್ತದೆ. ಅದನ್ನು 2017ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿದ್ದಾರೆ. ಆ 9 ಲಕ್ಷ ಜನರಲ್ಲಿ ಒಬ್ಬರ ಬಳಿಯೂ ಯಾರೂ ವೀಸಾ ಕೇಳಲಿಲ್ಲ. ವಾಪಸ್ ಹೋಗುವ ಟಿಕೆಟ್ ಇದೆಯೇ ಎಂದು ಕೇಳಲಿಲ್ಲ. ತಂಗುವ ವ್ಯವಸ್ಥೆ ಏನು ಎಂದು ಕೇಳಲಿಲ್ಲ. ಬೆನ್ನು ಗಟ್ಟಿಯಿದೆಯೇ, ಹಲ್ಲು ನೆಟ್ಟಗಿದೆಯೇ ಎಂದಷ್ಟೇ ನೋಡಿದರು.

1888ರ ಮೇ 13ರಂದು ಗುಲಾಮಗಿರಿ ರದ್ದಾಯಿತು. ಈಗ ಕರಿಯ ಮನುಷ್ಯ ತನ್ನ ಇಚ್ಛೆಯಿಂದ, ತನ್ನ ಕಾಲ ಮೇಲೆ, ಹಡಗಿನಿಂದ ಇಳಿಯಬಹುದಿತ್ತು. ಎರಡೇ ವರ್ಷಕ್ಕೆ, 1890ರ ಜೂನ್ 28ರಂದು, ಹೊಸ ಗಣರಾಜ್ಯ 528ನೇ ಆಜ್ಞೆ ಹೊರಡಿಸಿತು. ದುಡಿಯುವ ಶಕ್ತಿಯುಳ್ಳ, ತಮ್ಮ ದೇಶದಲ್ಲಿ ಕ್ರಿಮಿನಲ್ ಮೊಕದ್ದಮೆ ಇಲ್ಲದ ಎಲ್ಲರಿಗೂ ಬ್ರೆಜಿಲ್‌ನ ಬಂದರುಗಳು ಮುಕ್ತ. ಏಷ್ಯಾ ಮತ್ತು ಆಫ್ರಿಕಾದ ಮೂಲನಿವಾಸಿಗಳನ್ನು ಹೊರತುಪಡಿಸಿ. ಅವರು ಬರಬೇಕಾದರೆ ಸಂಸತ್ತಿನ ಅಪ್ಪಣೆ ಬೇಕು. ಸರಪಳಿಯಲ್ಲಿ ಬಂದರೆ ಸ್ವಾಗತ, ಸ್ವತಂತ್ರನಾಗಿ ಬಂದರೆ ಅಪ್ಪಣೆ ಚೀಟಿ! ಇಂಥ ಕಾನೂನು ಬರೆದ ಲೇಖನಿಗೆ ನಾಚಿಕೆಯಾಗಲಿಲ್ಲವೇ ಎಂದು ಕೇಳಬೇಡಿ. ಅದೇ ಹೊತ್ತಿಗೆ ಸಾವೊ ಪೌಲೊ ಸರ್ಕಾರ ತನ್ನ ಖಜಾನೆಯಿಂದ ಹಡಗಿನ ಚಾರ್ಜು ಕೊಟ್ಟು ಇಟಲಿಯ ಬಡವರನ್ನು ಕಾಫಿ ತೋಟಕ್ಕೆ ಕರೆಸಿಕೊಳ್ಳುತ್ತಿತ್ತು. ದೇಶವನ್ನು ಬೆಳ್ಳಗೆ ಮಾಡುವುದು ಆಗಿನ ಬುದ್ಧಿವಂತರ ಬಹಿರಂಗ ಕಾರ್ಯಕ್ರಮ. ಕೂಲಿಗಳು ಸಾಲದೆ ಬಂದಾಗ ಜಪಾನಿನವರಿಗೆ ಬಾಗಿಲು ತೆರೆಯಿತು. 1908ರಲ್ಲಿ ಕಸಾಟೊ ಮಾರು ಹಡಗು 781 ಜನರನ್ನು ಸಾಂತೋಸ್ ಬಂದರಿನಲ್ಲಿ ಇಳಿಸಿತು. ಅವರ ಸಂಖ್ಯೆ ಹೆಚ್ಚಿದಾಗ 1934ರ ಸಂವಿಧಾನದಲ್ಲೇ ವಲಸೆಯ ಕೋಟಾ ಬರೆದರು. 1937ರಲ್ಲಿ, ಹಿಟ್ಲರನ ಕೈಯಿಂದ ಯಹೂದಿಗಳು ಓಡಿಬರುತ್ತಿದ್ದಾಗ, ಅವರಿಗೆ ವೀಸಾ ಕೊಡಬೇಡಿ ಎಂಬ ಗುಟ್ಟಿನ ಸುತ್ತೋಲೆ ಬ್ರೆಜಿಲ್‌ನ ಕಾನ್ಸುಲೇಟ್‌ಗಳಿಗೆ ಹೋಯಿತು. ಫ್ರಾನ್ಸಿನಲ್ಲಿದ್ದ ರಾಯಭಾರಿ ಲೂಯಿಸ್ ಮಾರ್ಟಿನ್ಸ್ ಡ ಸೋಜ ದಾಂತಾಸ್ ಇಂಥ ಆದೇಶಗಳನ್ನು ಮೂಲೆಗಿಟ್ಟು ನೂರಾರು ವೀಸಾಗಳಿಗೆ ಸಹಿ ಹಾಕಿದರು. ಅದಕ್ಕೆ ಅವರ ಮೇಲೆ ವಿಚಾರಣೆ ನಡೆಯಿತು.

ಈ ವೀಸಾ ಎಂಬುದು ಆಕಾಶದಿಂದ ಬಿದ್ದ ಆಡಳಿತದ ನಿಯಮ, ಅದರಲ್ಲಿ ಬಣ್ಣವಿಲ್ಲ ವರ್ಗವಿಲ್ಲ ಎಂದು ನನಗೆ ಯಾರೂ ಪಾಠ ಹೇಳಬೇಡಿ. 1890ರಲ್ಲಿ ಬಾಯಿಬಿಟ್ಟು ಏಷ್ಯಾ, ಆಫ್ರಿಕಾ ಎಂದರು. ಈಗ ಬಾಯಿಬಿಡುವುದಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಹೊರಗೆ ನಿಂತವರು ಅವರೇ.

ಬಾಗಿಲು ತೆರೆಯಲು ಬ್ರೆಜಿಲ್‌ಗೆ ಬರುವುದಿಲ್ಲ ಎಂದೇನಲ್ಲ. ಭೂಕಂಪದಲ್ಲಿ ಎಲ್ಲ ಕಳೆದುಕೊಂಡ ಹೈಟಿಯವರಿಗೆ 2012ರಿಂದ, ಯುದ್ಧದಿಂದ ಓಡಿಬಂದ ಸಿರಿಯಾದವರಿಗೆ 2013ರಿಂದ ಮಾನವೀಯ ವೀಸಾ ಕೊಟ್ಟ ದೇಶ ಅದು. ಸೈನಿಕ ಸರ್ವಾಧಿಕಾರದ ಕಾಲದ, ವಿದೇಶಿ ಎಂದರೆ ಅಪಾಯ ಎಂದು ಸಾರುತ್ತಿದ್ದ 1980ರ ಕಾಯ್ದೆಯನ್ನು ಕಿತ್ತೊಗೆದು 2017ರಲ್ಲಿ ಹೊಸ ವಲಸೆ ಕಾಯ್ದೆ ತಂದಿದೆ. ಅದಕ್ಕೇ ಸಿಟ್ಟು ಹೆಚ್ಚು. ಗೊತ್ತಿಲ್ಲದವನು ಮಾಡಿದರೆ ಬಿಟ್ಟುಬಿಡಬಹುದು.

ದನಕ್ಕೆ ಮಾತ್ರ ಎಲ್ಲ ಕಾಲದಲ್ಲೂ ಒಳ್ಳೆಯ ಮರ್ಯಾದೆ ಸಿಕ್ಕಿದೆ. ಆಂಧ್ರದ ಒಂಗೋಲು ತಳಿ ಬ್ರೆಜಿಲ್‌ಗೆ ಹೋಗಿ ನೆಲೋರ್ ಎಂಬ ಹೆಸರಿನಲ್ಲಿ ಅಲ್ಲಿನ ಮಾಂಸೋದ್ಯಮದ ಬೆನ್ನೆಲುಬಾಗಿದೆ. ನೆಲ್ಲೂರಿನ ಹೋರಿ ಅಲ್ಲಿ ಖಾಯಂ ನಿವಾಸಿ. ಅದನ್ನು ಮೇಯಿಸಿದವನ ಮೊಮ್ಮಗ ಪ್ರವಾಸಕ್ಕೆ ಹೋಗಬೇಕಾದರೆ ತೆರಿಗೆ ಲೆಕ್ಕ ಒದಗಿಸಲಿ! ಅತ್ತಲಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಗೇರು ಕರಾವಳಿಯ ಗುಡ್ಡಗಳಲ್ಲಿ ಬೇರುಬಿಟ್ಟು ನಮ್ಮದೇ ಆಯಿತು. ಅದರ ಬೀಜದ ಸೊನೆಯಿಂದ ಬೆರಳು ಸುಟ್ಟುಕೊಂಡು ದುಡಿದ ಕಾರ್ಖಾನೆಯ ಹೆಂಗಸರಿಗೆ ಆ ಗಿಡದ ತವರು ತೋರಿಸುವ ಪ್ಯಾಕೇಜ್ ಟೂರನ್ನು ಯಾವ ಕಂಪನಿಯೂ ಹಾಕಿಲ್ಲ. ಇವತ್ತಿಗೂ ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಚಿಕ್ಕಮಗಳೂರಿನಲ್ಲಿ ಕಾಫಿ ರೇಟು ಅಲ್ಲಾಡುತ್ತದೆ. ಸರಕು ಬರುತ್ತದೆ, ಹೋಗುತ್ತದೆ. ರೇಟು ಒಂದು ಕ್ಷಣದಲ್ಲಿ ಸಾಗರ ದಾಟುತ್ತದೆ. ಮನುಷ್ಯ ಬಂದರೆ ಮಾತ್ರ ಗೇಟು.

2024ರ ಆಗಸ್ಟ್. ಸಾವೊ ಪೌಲೊದ ಗುವಾರುಲ್ಯೋಸ್ ವಿಮಾನ ನಿಲ್ದಾಣದ ಟ್ರಾನ್ಸಿಟ್ ಜಾಗದಲ್ಲಿ ನೂರಾರು ಜನ ನೆಲದ ಮೇಲೆ ಮಲಗಿದ್ದರು. ವಾರಗಟ್ಟಲೆ ಸ್ನಾನವಿಲ್ಲ, ಹೊದೆಯಲು ಬಟ್ಟೆಯಿಲ್ಲ. ಆಶ್ರಯ ಕೇಳಿ ಕಾಯುತ್ತಿದ್ದರು. ಘಾನಾದ ಒಬ್ಬ ಅಲ್ಲೇ ಕಾಯಿಲೆ ಬಿದ್ದು ಸತ್ತ. ಆ ನಿಲ್ದಾಣದಲ್ಲಿ ಆಶ್ರಯ ಕೇಳಿದವರಲ್ಲಿ ಶೇ 70ಕ್ಕೂ ಹೆಚ್ಚು ಜನ ಭಾರತ, ನೇಪಾಳ, ವಿಯೆಟ್ನಾಮಿನವರು ಎಂದು ಬ್ರೆಜಿಲ್‌ನ ಅಧಿಕಾರಿಗಳೇ ಲೆಕ್ಕ ಕೊಟ್ಟರು. ಇವರು ನಮ್ಮಲ್ಲಿ ಉಳಿಯುವವರಲ್ಲ, ಇಲ್ಲಿಂದ ಕಾಡುಮೇಡು ದಾಟಿ ಅಮೆರಿಕಕ್ಕೆ ಹೋಗುವವರು ಎಂಬುದು ಅವರ ವಾದ. ಆಗಸ್ಟ್ 26ರಿಂದ ಹೊಸ ನಿಯಮ ಬಂತು. ಬ್ರೆಜಿಲ್‌ನ ವೀಸಾ ಇಲ್ಲದೆ ಟ್ರಾನ್ಸಿಟ್‌ನಲ್ಲಿ ಬಂದಿಳಿದವರು ಟಿಕೆಟ್ ಇರುವ ಕಡೆಗೆ ಹೋಗಬೇಕು, ಇಲ್ಲ ಬಂದ ಕಡೆಗೆ ಮರಳಬೇಕು.

ವಾದದಲ್ಲಿ ಸುಳ್ಳಿಲ್ಲ ಎಂದೇ ಇಟ್ಟುಕೊಳ್ಳಿ. ಆದರೆ ಯಾರ ಗೇಟನ್ನು ಬ್ರೆಜಿಲ್ ಕಾಯುತ್ತಿದೆ? ಅಮೆರಿಕದ ಗೇಟು ಟೆಕ್ಸಾಸಿನಿಂದ ಸರಿದು ಸರಿದು ಗುವಾರುಲ್ಯೋಸ್‌ವರೆಗೆ ಬಂದಿದೆ. ಬೆರಳಚ್ಚಿಗೆ ಬೆರಳಚ್ಚು ಎಂದು ಗುಡುಗಿದ ದೇಶದ ಪೊಲೀಸರು ಅಲ್ಲಿ ಕಾವಲಿಗೆ ನಿಂತಿದ್ದಾರೆ. ಸಂಬಳ ಕೊಡುವುದು ಬ್ರೆಜಿಲ್‌ನ ಜನ.

ನೆರೆಯವರು ಇನ್ನೂ ಮುಂದೆ ಹೋಗಿದ್ದಾರೆ. ಅವರಿಗೆ ನಾಚಿಕೆ ಎಂಬುದೇ ಉಳಿದಿಲ್ಲ. ಪೆರು 2017ರಲ್ಲಿ ಒಂದು ನಿಯಮ ಮಾಡಿತು. ಭಾರತೀಯನ ಪಾಸ್‌ಪೋರ್ಟಿನಲ್ಲಿ ಅಮೆರಿಕದ್ದೋ ಬ್ರಿಟನ್ನಿನದೋ ಕೆನಡಾದ್ದೋ ಆಸ್ಟ್ರೇಲಿಯಾದ್ದೋ ಚಾಲ್ತಿ ವೀಸಾ ಇದ್ದರೆ ಅವನು ಪೆರುವಿನ ವೀಸಾ ಇಲ್ಲದೆ ಬರಬಹುದು. ಕೊಲಂಬಿಯಾದಲ್ಲೂ ಅಮೆರಿಕದ ಅಥವಾ ಯುರೋಪಿನ ಷೆಂಗೆನ್ ವೀಸಾ ಇದ್ದವರಿಗೆ ದಾರಿ ಸಲೀಸು. ಅರ್ಜೆಂಟೀನಾ 2025ರ ಆಗಸ್ಟ್‌ನಲ್ಲಿ ಅಮೆರಿಕದ ಪ್ರವಾಸಿ ವೀಸಾ ಇರುವ ಭಾರತೀಯರು ನೇರ ಬರಲಿ ಎಂದಿತು. ಬೆಂಗಳೂರಿನ ಟ್ರಾವೆಲ್ ಏಜೆಂಟರು ಇದನ್ನು ಹಬ್ಬದ ರಿಯಾಯಿತಿಯಂತೆ ಮಾರುತ್ತಿದ್ದಾರೆ. ಯಾರಿಗೂ ಕೋಪ ಬರುವುದಿಲ್ಲ!

ಇಂಕಾಗಳ ಕಲ್ಲಿನ ಊರು ನೋಡಲು ನನ್ನ ನಡತೆಗೆ ಅಮೆರಿಕದ ಗುಮಾಸ್ತ ಸರ್ಟಿಫಿಕೇಟ್ ಕೊಡಬೇಕೆ? ಸ್ಪೇನಿನ ಕತ್ತಿಗೆ ಸಿಕ್ಕು ನೆತ್ತರು ಹರಿಸಿದ ನೆಲದ ಬಾಗಿಲಲ್ಲಿ ಸ್ಪೇನಿನವನು ಪಾಸ್‌ಪೋರ್ಟ್ ತೋರಿಸಿ ನಡೆದು ಹೋಗುತ್ತಾನೆ. ಆ ನೆಲಕ್ಕೆ ಯಾವತ್ತೂ ಒಂದು ದೊಣ್ಣೆಯನ್ನೂ ಒಯ್ಯದ ನಾವು ನಿಂತುಕೊಂಡು, ನಮ್ಮನ್ನು ಅಮೆರಿಕ ಒಪ್ಪಿದೆ ಸ್ವಾಮಿ ಎಂದು ಮೊಹರು ತೋರಿಸಬೇಕು. ಬಿಡುಗಡೆಯ ನಾಯಕ ಸೈಮನ್ ಬೊಲಿವಾರ್ ಪ್ರತಿಮೆಗಳು ಆ ಖಂಡದ ಚೌಕಚೌಕದಲ್ಲೂ ಕುದುರೆ ಏರಿ ನಿಂತಿವೆ. ನಿಲ್ಲಲಿ.

ಇನ್ನು ನಮ್ಮ ಕಡೆಗೆ ತಿರುಗುತ್ತೇನೆ, ಯಾಕೆಂದರೆ ಇಲ್ಲಿಯವರೆಗೆ ಓದಿ ತಲೆದೂಗುತ್ತಿರುವವರಲ್ಲಿ ಅರ್ಧ ಜನರನ್ನು ನಾನು ಬಲ್ಲೆ. ವೀಸಾ ತಿರಸ್ಕಾರವಾಯಿತೆಂದು ಫೇಸ್‌ಬುಕ್ಕಿನಲ್ಲಿ ವರ್ಣಭೇದದ ಬಗ್ಗೆ ಪ್ರಬಂಧ ಬರೆಯುವ ಮಹನೀಯರೇ, ನಿಮ್ಮ ಮಹಡಿಯ ಮನೆಗೆ ಬಾಡಿಗೆ ಕೇಳಿ ಬಂದವರನ್ನು ನೀವು ಏನು ಕೇಳುತ್ತೀರಿ? ಯಾವ ಊರು, ಯಾವ ಜನ, ಮಾಂಸ ತಿನ್ನುತ್ತೀರಾ? ಅದಕ್ಕಿಂತ ಕಟ್ಟುನಿಟ್ಟಾದ ಇಮಿಗ್ರೇಷನ್ ಕೌಂಟರ್ ಜಗತ್ತಿನ ಯಾವ ವಿಮಾನ ನಿಲ್ದಾಣದಲ್ಲಿದೆ? ತನ್ನೂರಿನ ದೇವಸ್ಥಾನದ ಹೊಸ್ತಿಲು ದಾಟಿದ್ದಕ್ಕೆ ಕೇರಿಯ ಹುಡುಗನ ಮನೆಯವರಿಗೆ ದಂಡ ಹಾಕುವ ಹಳ್ಳಿಗಳು ಈ ನಾಡಿನಲ್ಲಿ ಇನ್ನೂ ಇವೆ. ಬೆಂಗಳೂರಿನ ಬೀದಿಯಲ್ಲಿ 2016ರಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಬೇರೆ ಯಾರೋ ಕರಿಯ ಮನುಷ್ಯ ಮಾಡಿದ ಅಪಘಾತಕ್ಕೆ ಆಕೆ ಬೆಲೆ ತೆತ್ತಳು. ಆಕೆಯ ಬಳಿ ವೀಸಾ ಇತ್ತು.

ದಲಿತನಿಗೆ ಪಾಸ್‌ಪೋರ್ಟ್ ಬಲಹೀನ ಎಂದು ಹೊಸದಾಗಿ ಯಾರೂ ಹೇಳಿಕೊಡಬೇಕಿಲ್ಲ. ಅವನು ಹುಟ್ಟಿದ್ದೇ ಮೂರನೇ ದರ್ಜೆಯ ಪಾಸ್‌ಪೋರ್ಟಿನೊಂದಿಗೆ. ಸಿಟ್ಟು ಬರಬೇಕಾದರೆ ಎರಡೂ ಗೇಟಿನ ಮೇಲೆ ಬರಲಿ. ಒಂದರ ಮೇಲೆ ಮಾತ್ರ ಬರುವ ಸಿಟ್ಟು ನನಗೆ ಬೇಡ, ಅದು ದರ್ಜೆ ಕೆಳಗಾದವನ ಮುನಿಸು.

ಹಾಗೆಂದು ದೆಹಲಿಯನ್ನು ಬಿಡುವುದಿಲ್ಲ. ಬ್ರಿಕ್ಸ್ ಎಂಬ ಕೂಟವಿದೆ. ಪಶ್ಚಿಮದ ದಬ್ಬಾಳಿಕೆಗೆ ಎದುರಾಗಿ ದಕ್ಷಿಣದ ದೇಶಗಳ 'ಸಮಾನತೆ' ಎಂದು ಅದರ ವೇದಿಕೆಯಲ್ಲಿ ಭಾಷಣ ಮಾಡುತ್ತಾರೆ. 2025ರ ಜುಲೈನಲ್ಲಿ ಅದರ ಶೃಂಗಸಭೆ ರಿಯೊದಲ್ಲೇ ನಡೆಯಿತು, ನಮ್ಮ ಪ್ರಧಾನಿಯೂ ಹೋಗಿದ್ದರು. ಅದೇ ಕೂಟದ ರಷ್ಯಾ ಮತ್ತು ಬ್ರೆಜಿಲ್ ಜನ 2010ರಿಂದ ವೀಸಾ ಇಲ್ಲದೆ ಒಬ್ಬರ ದೇಶಕ್ಕೆ ಒಬ್ಬರು ಹೋಗಿಬರುತ್ತಾರೆ. ದಕ್ಷಿಣ ಆಫ್ರಿಕಾದವರಿಗೂ ಬ್ರೆಜಿಲ್ ವೀಸಾ ಕೇಳುವುದಿಲ್ಲ. ಚೀನಾ 2025ರ ಜೂನ್‌ನಿಂದ ಬ್ರೆಜಿಲ್‌ನ ಪ್ರವಾಸಿಗರಿಗೆ ವೀಸಾ ಬೇಡವೆಂದಿತು. ಭಾರತ? ಬ್ರೆಜಿಲ್‌ನವರಿಗೆ ನಾವೂ ವೀಸಾ ಕೇಳುತ್ತೇವೆ. ಆನ್‌ಲೈನ್‌ನಲ್ಲಿ ಕೊಡುತ್ತೇವೆ, ಆದರೂ ಕೇಳುತ್ತೇವೆ. ಬ್ರೆಜಿಲ್‌ನ ಹಟ ಮುಯ್ಯಿಯದಾದರೆ, ಆ ಮುಯ್ಯಿಯ ಪಟ್ಟಿಯಲ್ಲಿ ಮೊದಲ ಸಾಲು ದೆಹಲಿ ಬರೆಯಬಹುದು. ಈ ಬೇಸಿಗೆಯಿಂದ ಬ್ರೆಜಿಲ್‌ನ ಪ್ರವಾಸಿಗೆ ನಮ್ಮಲ್ಲಿ ವೀಸಾ ಬೇಡ, ನೀವು ಏನು ಮಾಡುತ್ತೀರಿ ಹೇಳಿ ಎಂದು ಕೇಳಬಹುದು. ಜಪಾನ್ ಮಾಡಿಸಿಕೊಂಡಿದ್ದು ಇದನ್ನೇ. ಇದಕ್ಕೆ ಯುದ್ಧನೌಕೆ ಬೇಕಿಲ್ಲ, ಖಜಾನೆಯೂ ಬೇಕಿಲ್ಲ. ಜಂಟಿ ಹೇಳಿಕೆಯಲ್ಲಿ ಒಂದು ವಾಕ್ಯ ಸಾಕು. ಉದ್ಯಮಿಗಳ ನಿಯೋಗಕ್ಕೆ ಜಾಗ ಮಾಡಿಕೊಡುವ ಆ ಹೇಳಿಕೆಗಳಲ್ಲಿ ಪೆಲೆ ಹೆಸರಿನ ಹುಡುಗನ ತಾತನಿಗೆ ಒಂದು ವಾಕ್ಯದ ಜಾಗ ಯಾಕೆ ಸಿಗುವುದಿಲ್ಲ ಎಂಬುದಕ್ಕೆ ದೆಹಲಿಯ ವಿದೇಶಾಂಗ ಇಲಾಖೆಯವರು ಉತ್ತರ ಕೊಡಲಿ.